ಸುಮ್ಮನಿರುವ ಯಂತ್ರದ ಸದ್ದು

(ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಬದುಕಿನುದ್ದಕ್ಕೂ ರೇಡಿಯೋ ರಿಪೇರಿ ಮಾಡಿದವರು. ತಂತ್ರಜ್ಞಾನದ ಒಂದು ವಿಷಯವನ್ನು, ಪಾಠ ಒಪ್ಪಿಸಿದಂತಾಗದ ಹಾಗೆ, ಕನ್ನಡದಲ್ಲಿ ಹೇಳಬೇಕು ಎಂಬುದು ಅವರು ಬರೆದಿಟ್ಟ ಷರತ್ತು. ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿ ಎಂದು ಸಂಘಟಕರು ಸೂಚಿಸಿದ್ದರು. ಅದರ ಬಗ್ಗೆ ಮಾತಾಡುವವರು ಈಗ ಬೀದಿಗೊಬ್ಬರಿದ್ದಾರೆ. ನಾನು ಆರಿಸಿಕೊಂಡದ್ದು ಬಹಳ ಸಣ್ಣ ವಿಷಯ: ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನಿಂದ ಬರುವ ಒಂದು ಕೀರಲು ಸದ್ದು. ರೇಡಿಯೋ ರಿಪೇರಿ ಮಾಡಿದ ಕೈಗೆ ಈ ವಿಷಯ ಹಿಡಿಸುತ್ತಿತ್ತು ಎಂದು ನನ್ನ ನಂಬಿಕೆ.

ನಾನು ಹೇಳುತ್ತಿರುವುದು ಫ್ಯಾನಿನ ಸದ್ದಲ್ಲ, ಹಳೆಯ ಹಾರ್ಡ್ ಡಿಸ್ಕ್ ತಿರುಗುವ ಸದ್ದೂ ಅಲ್ಲ. ರಾತ್ರಿ ಹನ್ನೊಂದರ ಮೇಲೆ, ರಸ್ತೆ ತಣ್ಣಗಾದ ಮೇಲೆ, ಸೀಲಿಂಗ್ ಫ್ಯಾನ್ ಆರಿಸಿ ಕೂತು ಕೇಳಿ. ಕೀಬೋರ್ಡಿನ ಒಂದು ಮೂಲೆಯಿಂದ ಕುಂಯ್ ಎಂದು ಸಣ್ಣಗೆ, ಒಂದೇ ಎಳೆಯಾಗಿ ಬರುತ್ತಿರುತ್ತದೆ. ಪರದೆಯ ಮೇಲಿನ ಪುಟವನ್ನು ಮೇಲೆ ಕೆಳಗೆ ಸರಿಸಿದರೆ ಚಿರಿಚಿರಿ ಎಂದು ಒಡೆಯುತ್ತದೆ. ಕೈ ತೆಗೆದರೆ ಮತ್ತೆ ಅದೇ ಎಳೆ. ಭಾರಿ ಲೆಕ್ಕದ ಕೆಲಸವೊಂದನ್ನು ಕೊಟ್ಟು ನೋಡಿ, ಎಷ್ಟೋ ಯಂತ್ರಗಳಲ್ಲಿ ಸದ್ದು ಥಟ್ಟನೆ ನಿಂತುಹೋಗುತ್ತದೆ. ಎಲ್ಲ ಲ್ಯಾಪ್‌ಟಾಪುಗಳಲ್ಲಿ ಇದಿರುವುದಿಲ್ಲ. ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ಒಂದು ಕುಂಯ್‌ಗುಟ್ಟಿ ಇನ್ನೊಂದು ಮೌನವಾಗಿರುವುದೂ ಉಂಟು.

ಯಂತ್ರ ಹೆಚ್ಚು ದುಡಿದರೆ ಹೆಚ್ಚು ಸದ್ದು ಎಂಬುದು ಗಿರಣಿಗಳ ಕಾಲದಿಂದ ನಮಗಿರುವ ತಿಳಿವಳಿಕೆ. ಈ ಸದ್ದು ಮಾತ್ರ ಹೆಚ್ಚಾಗಿ ಯಂತ್ರಕ್ಕೆ ಕೆಲಸವಿಲ್ಲದಾಗ ಏಳುತ್ತದೆ. ಪ್ರೊಸೆಸರ್ ನಿದ್ದೆಗೆ ಜಾರುತ್ತದೆ, ಏಳುತ್ತದೆ, ಮತ್ತೆ ಜಾರುತ್ತದೆ. ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರ ಸಲ ನಡೆಯುವ ಈ ಏಳುಬೀಳೇ ನಮ್ಮ ಕಿವಿಗೆ ಸ್ವರವಾಗಿ ಬೀಳುತ್ತದೆ. ಅಂದರೆ ಇದು ವಿದ್ಯುತ್ ಉಳಿತಾಯದ ಸದ್ದು. ಆ ಉಳಿತಾಯಕ್ಕೊಂದು ಖರ್ಚಿದೆ, ಅದನ್ನು ಬಳಸುವವರ ಕಿವಿ ಭರಿಸುತ್ತಿದೆ, ಮಾರುವವರು ಅದನ್ನು ಎಲ್ಲಿಯೂ ನಮೂದಿಸುವುದಿಲ್ಲ. ಇವತ್ತಿನ ನನ್ನ ವಾದ ಇಷ್ಟೇ.

ಅಲುಗಾಡುವ ಭಾಗವೇ ಇಲ್ಲದ ಕಡೆ ಸದ್ದು ಹುಟ್ಟುವುದು ಹೇಗೆ? ಈ ಪ್ರಶ್ನೆ ಲ್ಯಾಪ್‌ಟಾಪಿಗಿಂತ ಬಹಳ ಹಳೆಯದು. 1837ರಲ್ಲಿ ಅಮೆರಿಕದ ಸೇಲಂ ಎಂಬ ಊರಿನ ವೈದ್ಯ ಚಾರ್ಲ್ಸ್ ಗ್ರಾಫ್ಟನ್ ಪೇಜ್, ಕುದುರೆ ಲಾಳದ ಆಕಾರದ ಅಯಸ್ಕಾಂತದ ಬಳಿ ತಂತಿಯ ಸುರುಳಿ ಇಟ್ಟು, ಅದರಲ್ಲಿ ಹರಿಯುವ ವಿದ್ಯುತ್ತನ್ನು ಕಡಿದಾಗ ಅಯಸ್ಕಾಂತ ಸಣ್ಣಗೆ ನಾದ ಮಾಡುವುದನ್ನು ಗಮನಿಸಿದ. ಅದಕ್ಕೆ ಅವನು ಕೊಟ್ಟ ಹೆಸರು 'ಗ್ಯಾಲ್ವಾನಿಕ್ ಮ್ಯೂಸಿಕ್'. ಮುಂದೆ 1840ರ ದಶಕದಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಜೂಲ್, ಅಂದರೆ ಶಾಖದ ಪಾಠದಲ್ಲಿ ನೀವು ಓದುವ ಅದೇ ಜೂಲ್, ಕಬ್ಬಿಣದ ಸಲಾಕೆಯನ್ನು ಕಾಂತೀಕರಿಸಿದಾಗ ಅದರ ಉದ್ದ ಒಂದಿಷ್ಟು ಹಿಗ್ಗುತ್ತದೆ ಎಂದು ಅಳೆದು ತೋರಿಸಿದ. ಹಿಗ್ಗುವುದು ಲಕ್ಷದಲ್ಲೊಂದು ಪಾಲಿಗೂ ಕಡಿಮೆ. ಇದಕ್ಕೆ ಮ್ಯಾಗ್ನೆಟೋಸ್ಟ್ರಿಕ್ಷನ್ ಎನ್ನುತ್ತಾರೆ. 1861ರಲ್ಲಿ ಜರ್ಮನಿಯ ಫಿಲಿಪ್ ರೈಸ್ ಎಂಬ ಶಾಲಾ ಮಾಸ್ತರು ಫ್ರಾಂಕ್‌ಫರ್ಟಿನಲ್ಲಿ ತನ್ನ ಟೆಲಿಫೋನನ್ನು ತೋರಿಸಿದಾಗ ಅದರ ಕೇಳುವ ಭಾಗದಲ್ಲಿದ್ದದ್ದು ಸ್ವೆಟರ್ ಹೆಣೆಯುವ ಒಂದು ಸೂಜಿ, ಅದರ ಸುತ್ತ ತಂತಿಯ ಸುರುಳಿ, ಕೆಳಗೆ ಮರದ ಪೆಟ್ಟಿಗೆ. ಸೂಜಿ ಹಿಗ್ಗಿ ಕುಗ್ಗುತ್ತಿತ್ತು, ಆ ನಡುಕವನ್ನು ಪೆಟ್ಟಿಗೆ ಗಾಳಿಗೆ ದಾಟಿಸುತ್ತಿತ್ತು. ಬೆಲ್‌ನ ಪೇಟೆಂಟಿಗೆ ಇನ್ನೂ ಹದಿನೈದು ವರ್ಷ ಬಾಕಿ ಇತ್ತು.

ಸೂಜಿಯ ಕೆಳಗಿನ ಆ ಪೆಟ್ಟಿಗೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಹಳ್ಳಿಗಳಲ್ಲಿ ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನ ಪಕ್ಕ ನಿಂತವರಿಗೆಲ್ಲ ಅದರ ಗುಂಯ್‌ಗುಡುವಿಕೆ ಗೊತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಟಿ.ಸಿ. ಗುಂಯ್‌ಗುಡುವುದು ಮಾತ್ರ 100ರಲ್ಲಿ. ಕಬ್ಬಿಣಕ್ಕೆ ಕಾಂತದ ದಿಕ್ಕಿನ ಹಂಗಿಲ್ಲ. ಈ ಕಡೆಗೆ ಕಾಂತೀಕರಿಸಿದರೂ ಆ ಕಡೆಗೆ ಕಾಂತೀಕರಿಸಿದರೂ ಒಂದೇ ಸಮ ಹಿಗ್ಗುತ್ತದೆ. ಹಾಗಾಗಿ ಒಂದು ಆವರ್ತಕ್ಕೆ ಎರಡು ಹಿಗ್ಗು. ಹಳೆಯ ಟ್ಯೂಬ್‌ಲೈಟಿನ ಚೋಕ್ ಮಾಡುತ್ತಿದ್ದದ್ದೂ ಇದೇ ಸದ್ದು.

ಲ್ಯಾಪ್‌ಟಾಪಿನಲ್ಲಿಯೂ ಸುರುಳಿಗಳಿವೆ. ಅದಕ್ಕೇ ಈ ಸದ್ದಿಗೆ ಪೇಟೆಯಲ್ಲಿ 'ಕಾಯಿಲ್ ವೈನ್', ಅಂದರೆ ಸುರುಳಿಯ ಕೀರಲು, ಎಂಬ ಹೆಸರು ಬಿದ್ದಿದೆ. ಆದರೆ ಎಲ್ಲ ತಪ್ಪನ್ನೂ ಕಾಯಿಲ್ ಮೇಲೆ ಹೊರಿಸುವುದು ಅನ್ಯಾಯ. ಎಷ್ಟೋ ಸಲ ನಿಜವಾದ ಗಾಯಕ ಸೆರಾಮಿಕ್ ಕೆಪಾಸಿಟರ್. ಕಂದು ಬಣ್ಣದ, ಸುಮಾರು ಎರಡು ಮಿಲಿಮೀಟರ್ ಉದ್ದದ, ಎರಡೂ ತುದಿಗೆ ಬೆಳ್ಳಿ ಬಣ್ಣದ ಲೋಹ ಬಳಿದ ಚೂರು ಅದು. ಒಂದು ಮದರ್‌ಬೋರ್ಡಿನಲ್ಲಿ ನೂರಾರು ಇರುತ್ತವೆ. ಒಳಗೆ ಲೋಹದ ಪದರ, ಸೆರಾಮಿಕ್ ಪದರ, ಮತ್ತೆ ಲೋಹ, ಹೀಗೆ ನೂರಾರು ಪದರಗಳು. ಆ ಸೆರಾಮಿಕ್ ಹೆಚ್ಚಾಗಿ ಬೇರಿಯಂ ಟೈಟನೇಟ್. ಸಣ್ಣ ಜಾಗದಲ್ಲಿ ಹೆಚ್ಚು ವಿದ್ಯುದಂಶ ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಅದರ ಇನ್ನೊಂದು ಗುಣವೆಂದರೆ ವೋಲ್ಟೇಜ್ ಹಾಕಿದರೆ ಆಕಾರ ಬದಲಿಸುವುದು. ಒತ್ತಿದರೆ ವಿದ್ಯುತ್ ಕೊಡುವ ಹರಳುಗಳನ್ನು 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು ಕಂಡುಹಿಡಿದರು. ಅಡುಗೆಮನೆಯ ಗ್ಯಾಸ್ ಲೈಟರು ಟಪ್ಪೆಂದು ಕಿಡಿ ಹಾರಿಸುವುದು ಈ ಗುಣದಿಂದಲೇ. ವಿದ್ಯುತ್ ಕೊಟ್ಟರೆ ಹರಳು ಹಿಗ್ಗಬೇಕು ಎಂದು ಮರುವರ್ಷ ಲಿಪ್‌ಮನ್ ಲೆಕ್ಕ ಹಾಕಿ ಹೇಳಿದ, ಕ್ಯೂರಿಗಳು ಹೌದೆಂದು ತೋರಿಸಿದರು.

ಕೆಪಾಸಿಟರ್ ಹಿಗ್ಗುವುದು ಒಂದು ನ್ಯಾನೋಮೀಟರಿಗೂ ಕಡಿಮೆ. ಅಷ್ಟರಿಂದ ಗಾಳಿ ಅಲುಗಾಡುವುದಿಲ್ಲ, ಯಾರ ಕಿವಿಗೂ ಏನೂ ಕೇಳಿಸದು. ಆದರೆ ಅದರ ಎರಡೂ ತುದಿಗಳನ್ನು ಬೋರ್ಡಿಗೆ ಬೆಸೆದಿರುತ್ತಾರಲ್ಲ, ಅದು ಹಿಗ್ಗಿ ಕುಗ್ಗಿದಾಗಲೆಲ್ಲ ಬೋರ್ಡನ್ನು ಎಳೆದು ಬಾಗಿಸುತ್ತದೆ. ಅಗಲವಾದ ಬೋರ್ಡು ನಡುಗಿದರೆ ಗಾಳಿ ನಡುಗುತ್ತದೆ. ರೈಸ್ ಮಾಸ್ತರರ ಮರದ ಪೆಟ್ಟಿಗೆಯ ಕೆಲಸವನ್ನು ಇಲ್ಲಿ ಮದರ್‌ಬೋರ್ಡು ಮಾಡುತ್ತಿದೆ. ಬೋರ್ಡಿನ ಸ್ಕ್ರೂ ಒಂದನ್ನು ಬಿಗಿ ಮಾಡಿದರೆ ಅಥವಾ ಸಡಿಲಿಸಿದರೆ ಸದ್ದಿನ ಜೋರು ಬದಲಾಗುವುದು ಇದರಿಂದ. ಒಂದೇ ಮಾದರಿಯ ಎರಡು ಯಂತ್ರ ಎರಡು ಥರ ಇರುವುದಕ್ಕೂ ಅರ್ಧ ಕಾರಣ ಇದೇ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಬೋರ್ಡು ರಿಪೇರಿ ಮಾಡುವ ಮಳಿಗೆಗಳಿವೆ. ಅಂಥ ಒಂದರಲ್ಲಿ ಈ ಸದ್ದು ಹುಡುಕುವುದನ್ನು ಕೂತು ನೋಡಿದ್ದೇನೆ. ಉಪಕರಣ ಎಂದರೆ ಜ್ಯೂಸ್ ಅಂಗಡಿಯ ಒಂದು ಸ್ಟ್ರಾ, ಒಂದು ಐಸ್‌ಕ್ರೀಮ್ ಕಡ್ಡಿ. ಸ್ಟ್ರಾದ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಬೋರ್ಡಿನ ಮೇಲೆ ಒಂದೊಂದೇ ಭಾಗದ ಹತ್ತಿರ. ಸದ್ದು ಜೋರಾದ ಕಡೆ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಸ್ವರ ಅಡಗಿಹೋಗುತ್ತದೆ. ಅಲ್ಲಿ ಗುರುತು. ಲೋಹದ ಕಡ್ಡಿ ಇಟ್ಟರೆ ಬೋರ್ಡು ಸುಟ್ಟಂತೆಯೇ ಲೆಕ್ಕ. ಮಳಿಗೆಯ ಯಜಮಾನರಿಗೆ ಐವತ್ತು ದಾಟಿದೆ. ಅವರು ಸ್ಟ್ರಾ ಕಿವಿಗಿಡಲಿಲ್ಲ, ಕೆಲಸದ ಹುಡುಗನ ಕೈಗೆ ಕೊಟ್ಟು, "ಲೋ, ಎಲ್ಲಿ ಜಾಸ್ತಿ ಬರ್ತಿದೆ ಹೇಳೋ" ಎಂದರು. ಹುಡುಗ ತೋರಿಸಿದ್ದು ಸುರುಳಿಯನ್ನಲ್ಲ, ಚಾರ್ಜರಿನ ವೋಲ್ಟೇಜ್ ಬೋರ್ಡಿಗೆ ಬರುವ ದಾರಿಯಲ್ಲಿದ್ದ ಕೆಪಾಸಿಟರುಗಳ ಒಂದು ಸಾಲನ್ನು.

ಆ ಸಾಲು ಅಲ್ಲಿ ಏಕಿದೆ ಎಂದರೆ ಲ್ಯಾಪ್‌ಟಾಪಿನ ವಿದ್ಯುತ್ ಪೂರೈಕೆಯ ಮಾತು ಬರುತ್ತದೆ. ಅಡಾಪ್ಟರ್ ಕೊಡುವುದು ಸಾಮಾನ್ಯವಾಗಿ 19 ಅಥವಾ 20 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಒಂದು ವೋಲ್ಟಿನ ಆಸುಪಾಸು. ಒಂದು ವೋಲ್ಟಿನಲ್ಲಿ 30 ವಾಟ್ ಬೇಕೆಂದರೆ 30 ಆಂಪಿಯರ್ ಹರಿಯಬೇಕು. ನಿಮ್ಮ ಮನೆಯ ಗೀಸರಿಗೆ ಹಾಕಿರುವ ಎಂಸಿಬಿ ಇಷ್ಟು ಕರೆಂಟಿಗೆ ತಡೆಯುವುದಿಲ್ಲ. 20 ವೋಲ್ಟನ್ನು ಒಂದಕ್ಕೆ ಇಳಿಸಲು ಒಂದು ಟ್ರಾನ್ಸಿಸ್ಟರ್ ಸ್ವಿಚ್ಚನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಾಕಿ ತೆಗೆಯುತ್ತಾರೆ, ಸುರುಳಿ ಮತ್ತು ಕೆಪಾಸಿಟರುಗಳು ಆ ಬಿಟ್ಟುಬಿಟ್ಟು ಬರುವ ಕರೆಂಟನ್ನು ಸಮ ಮಾಡುತ್ತವೆ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನ ಹಿಡಿಯುತ್ತದೆ. ಲಕ್ಷಗಳಲ್ಲಿ ನಡೆಯುವ ಈ ಸ್ವಿಚ್ಚಿಂಗ್ ನಮಗೆ ಕೇಳಿಸುವ ಪ್ರಶ್ನೆಯೇ ಇಲ್ಲ.

ಕೇಳಿಸುವುದು ಕೆಲಸ ಕಡಿಮೆಯಾದಾಗ. ಪ್ರೊಸೆಸರ್ ತೂಕಡಿಸುವಾಗ ಅಷ್ಟು ಸಲ ಸ್ವಿಚ್ ಹಾಕುವುದು ದಂಡ, ಪ್ರತಿ ಸಲ ಹಾಕಿದಾಗಲೂ ಒಂದಿಷ್ಟು ವಿದ್ಯುತ್ ವ್ಯರ್ಥ. ಆದ್ದರಿಂದ ಪೂರೈಕೆಯ ಚಿಪ್ ನಡುನಡುವೆ ಸ್ವಿಚ್ಚುಗಳನ್ನು ಬಿಟ್ಟುಬಿಡುತ್ತದೆ. ಲಕ್ಷಗಳಲ್ಲಿದ್ದ ವೇಗ ಸಾವಿರಗಳಿಗೆ ಇಳಿದು ಕಿವಿಯ ಎಲ್ಲೆಯೊಳಗೆ ಬಂದುಬಿಡುತ್ತದೆ. ಇದು ಗೊತ್ತಿರುವ ಚಿಪ್ ತಯಾರಕರು ಎಷ್ಟು ಇಳಿದರೂ 25,000ದ ಆಸುಪಾಸಿಗಿಂತ ಕೆಳಗೆ ಇಳಿಯದಿರುವ ವ್ಯವಸ್ಥೆಯನ್ನು ಎಷ್ಟೋ ಚಿಪ್ಪುಗಳಲ್ಲಿ ಇಟ್ಟಿದ್ದಾರೆ. ಅದನ್ನು ಬಳಸಿದರೆ ಉಳಿತಾಯ ಸ್ವಲ್ಪ ತಗ್ಗುತ್ತದೆ. ಬಳಸುವುದು ಬಿಡುವುದು ಲ್ಯಾಪ್‌ಟಾಪ್ ವಿನ್ಯಾಸ ಮಾಡುವವರಿಗೆ ಬಿಟ್ಟದ್ದು.

ಈಗ ಪ್ರೊಸೆಸರಿನ ನಿದ್ದೆಗೆ ಬರೋಣ. ಕಂಪ್ಯೂಟರಿನ ವಿದ್ಯುತ್ತನ್ನು ಕಾರ್ಯಾಚರಣೆ ವ್ಯವಸ್ಥೆಯೇ ನಿಭಾಯಿಸಬೇಕು ಎಂಬ ಒಪ್ಪಂದವೊಂದನ್ನು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಕಂಪನಿಗಳು 1996ರ ಡಿಸೆಂಬರಿನಲ್ಲಿ ಹೊರತಂದವು. ಎಸಿಪಿಐ ಎಂದು ಅದರ ಹೆಸರು. ಪ್ರೊಸೆಸರಿನ ಎಚ್ಚರ–ನಿದ್ದೆಗಳಿಗೆ ಅದರಲ್ಲಿ ಮೆಟ್ಟಿಲುಗಳಿವೆ. ಸಿ0 ಎಂದರೆ ದುಡಿಮೆ. ಸಿ1ರಲ್ಲಿ ಆದೇಶಗಳನ್ನು ನಡೆಸುವುದು ನಿಲ್ಲುತ್ತದೆ. ಸಿ2, ಸಿ3 ಎಂದು ಇಳಿದ ಹಾಗೆ ಒಳಗಿನ ಗಡಿಯಾರವೂ ನಿಲ್ಲುತ್ತದೆ. ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆಂದು ಇಂಟೆಲ್ ಸೇರಿಸಿದ ಸಿ4ರಲ್ಲಿ ವೋಲ್ಟೇಜನ್ನೇ ಇಳಿಸುತ್ತಾರೆ. ವೋಲ್ಟೇಜ್ ಇಳಿಸುವುದಕ್ಕೆ ಏಕಿಷ್ಟು ಬೆಲೆ ಎಂದರೆ, ಪ್ರೊಸೆಸರ್ ನುಂಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಅರ್ಧವಾದರೆ ದುಡಿಮೆಯ ಖರ್ಚು ಕಾಲು ಭಾಗಕ್ಕೆ ಬರುತ್ತದೆ, ಸುಮ್ಮನಿದ್ದಾಗಿನ ಸೋರಿಕೆಯೂ ತಗ್ಗುತ್ತದೆ.

ನಿದ್ದೆ ಆಳವಾದಷ್ಟೂ ಏಳುವುದಕ್ಕೆ ಹೊತ್ತು ಹಿಡಿಯುತ್ತದೆ, ಏಳುವುದಕ್ಕೇ ಒಂದಿಷ್ಟು ವಿದ್ಯುತ್ ಖರ್ಚಾಗುತ್ತದೆ. ಸಿಗ್ನಲ್ಲಿನಲ್ಲಿ ಸ್ಕೂಟರ್ ಆಫ್ ಮಾಡುವವರಿಗೆ ಈ ಲೆಕ್ಕ ಗೊತ್ತು: ಎರಡು ನಿಮಿಷ ನಿಲ್ಲಬೇಕಾದರೆ ಆಫ್ ಮಾಡಿದರೆ ಲಾಭ, ಐದು ಸೆಕೆಂಡಿಗೆ ಆಫ್ ಮಾಡಿ ಮತ್ತೆ ಕಿಕ್ ಹೊಡೆದರೆ ನಷ್ಟ. ಪ್ರೊಸೆಸರಿಗೂ ಮುಂದಿನ ಕರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಊಹಿಸಿ, ಎಷ್ಟು ಮೆಟ್ಟಿಲು ಇಳಿಯಬೇಕೆಂದು ತೀರ್ಮಾನಿಸುವ ಒಂದು ಪ್ರೋಗ್ರಾಮ್ ಇರುತ್ತದೆ. ಲ್ಯಾಪ್‌ಟಾಪಿನ ಸಿಗ್ನಲ್ಲುಗಳು ಮಾತ್ರ ಮಿಲಿಸೆಕೆಂಡಿನವು.

ಮಿಲಿಸೆಕೆಂಡು ಎಂದೆ. ಕಾರ್ಯಾಚರಣೆ ವ್ಯವಸ್ಥೆಗೆ ಒಂದು ನಾಡಿ ಬಡಿತ ಇರುತ್ತದೆ, ಟೈಮರ್ ಟಿಕ್. ಪ್ರತಿ ಟಿಕ್ಕಿಗೂ ಪ್ರೊಸೆಸರ್ ಎದ್ದು, ಏನಾದರೂ ಕೆಲಸ ಇದೆಯೇ ಎಂದು ನೋಡಬೇಕು. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಈ ಬಡಿತ ಮೊದಲು ಸೆಕೆಂಡಿಗೆ 100 ಇತ್ತು. 2003ರ ಕೊನೆಗೆ ಬಂದ 2.6 ಆವೃತ್ತಿಯಲ್ಲಿ ಅದನ್ನು ಪಿ.ಸಿ.ಗಳಿಗೆ 1000 ಮಾಡಿದರು. ಹಾಡು, ವಿಡಿಯೋ, ಮೌಸ್ ಎಲ್ಲ ಚುರುಕಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕೆಲಸವಿಲ್ಲದ ಪ್ರೊಸೆಸರ್ ಸಿ4ಕ್ಕೆ ಇಳಿಯುತ್ತದೆ, ವೋಲ್ಟೇಜ್ ಬೀಳುತ್ತದೆ. ಒಂದು ಮಿಲಿಸೆಕೆಂಡ್ ಆದ ಕೂಡಲೆ ಟಿಕ್, ವೋಲ್ಟೇಜ್ ಏರುತ್ತದೆ. ಕೆಲಸವಿಲ್ಲ, ಮತ್ತೆ ಬೀಳುತ್ತದೆ. ಹೀಗೆ ಕೆಪಾಸಿಟರುಗಳ ಮೇಲೆ ಸೆಕೆಂಡಿಗೆ ಸಾವಿರ ಏಟು. ಹುಟ್ಟುವ ಸ್ವರ 1000 ಹರ್ಟ್ಝ್, ಜೊತೆಗೆ ಅದರ ಗುಣಕಗಳಾದ 2000, 3000, 4000. ನಮ್ಮ ಕಿವಿಯ ನಾಳದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ಅದು ತಾನಾಗಿ ಮರುದನಿ ಕೊಡುವುದು 3000ದ ಆಸುಪಾಸಿನಲ್ಲಿ. ಅಂದರೆ ಕಿವಿ ಅತ್ಯಂತ ಸೂಕ್ಷ್ಮವಾಗಿರುವ ಜಾಗಕ್ಕೇ ಈ ಸದ್ದು ಬಂದು ಚುಚ್ಚುತ್ತದೆ.

ಆಗಿನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಬಳಸುತ್ತಿದ್ದ ಲಿನಕ್ಸ್ ಮಂದಿ ಕಂಡುಕೊಂಡ ಉಪಾಯಗಳು ಸ್ವಾರಸ್ಯವಾಗಿದ್ದವು. ಬಡಿತವನ್ನು ಮತ್ತೆ 100ಕ್ಕೆ ಇಳಿಸಿ, ಲಿನಕ್ಸಿನ ತಿರುಳಾದ ಕರ್ನೆಲ್ಲನ್ನು ಹೊಸದಾಗಿ ಕಟ್ಟಿಕೊಳ್ಳುವುದು ಒಂದು. 'ಮ್ಯಾಕ್ಸ್ ಸಿ-ಸ್ಟೇಟ್' ಎಂಬ ಆಯ್ಕೆಯಿಂದ ಪ್ರೊಸೆಸರ್ ಸಿ2ಕ್ಕಿಂತ ಆಳಕ್ಕೆ ಇಳಿಯದಂತೆ ತಡೆಯುವುದು ಇನ್ನೊಂದು. ಮೂರನೆಯದು ನನಗೆ ಬಹಳ ಇಷ್ಟ: ಒಂದು ಯುಎಸ್‌ಬಿ ಮೌಸ್ ಚುಚ್ಚುವುದು. ಮೌಸ್ ಚುಚ್ಚಿದರೆ ಸದ್ದು ನಿಲ್ಲುತ್ತಿತ್ತು. ಮಂತ್ರವೇನೂ ಇಲ್ಲ. ಆ ಕಾಲದ ಯುಎಸ್‌ಬಿ ನಿಯಂತ್ರಕ ಪ್ರತಿ ಮಿಲಿಸೆಕೆಂಡಿಗೂ ಮೆಮೊರಿಯನ್ನು ತಡಕುತ್ತಿತ್ತು. ಆಳವಾದ ನಿದ್ದೆಯಲ್ಲಿರುವ ಪ್ರೊಸೆಸರ್ ಮೆಮೊರಿಯ ಬದಲಾವಣೆಗಳ ಮೇಲೆ ಕಣ್ಣಿಡಲಾರದು, ಆದ್ದರಿಂದ ಅದು ಮಲಗುವಂತೆಯೇ ಇರಲಿಲ್ಲ. ನಿದ್ದೆ ಇಲ್ಲ, ಸದ್ದೂ ಇಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಇಲ್ಲ.

2006ರ ಆರಂಭದಲ್ಲಿ ಆಪಲ್ ಕಂಪನಿ ಇಂಟೆಲ್ ಕೋರ್ ಡ್ಯುಯೋ ಪ್ರೊಸೆಸರಿನ ಮ್ಯಾಕ್‌ಬುಕ್ ಪ್ರೊ ಹೊರತಂದಾಗ ಇದೇ ದೂರು ಎದ್ದಿತು. ಅಲ್ಲಿ ಬಳಕೆದಾರರು ಕಂಡುಕೊಂಡ ಉಪಾಯ, ಫೋಟೋ ಬೂತ್ ಪ್ರೋಗ್ರಾಮನ್ನು ತೆರೆದಿಡುವುದು. ಕ್ಯಾಮೆರಾ ಓಡುತ್ತಿದ್ದರೆ ಪ್ರೊಸೆಸರಿಗೆ ಮಲಗಲು ಬಿಡುವಿಲ್ಲ, ಸದ್ದೂ ಇಲ್ಲ. ಎರಡು ಕೋರ್‌ಗಳಲ್ಲಿ ಒಂದನ್ನು ಆರಿಸಿಟ್ಟವರೂ ಇದ್ದರು. ಸಾವಿರಾರು ಡಾಲರ್ ಕೊಟ್ಟು ಎರಡು ಕೋರಿನ ಯಂತ್ರ ತಂದು, ಮೌನಕ್ಕಾಗಿ ಒಂದನ್ನು ಮುಚ್ಚಿಡುವುದು!

ವಿಂಡೋಸಿನ ಬಡಿತ ಬೇರೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 64, ಅಂದರೆ 15.625 ಮಿಲಿಸೆಕೆಂಡಿಗೊಂದು. ಆದರೆ ಯಾವ ಪ್ರೋಗ್ರಾಮ್ ಬೇಕಾದರೂ ಅದನ್ನು ಒಂದು ಮಿಲಿಸೆಕೆಂಡಿಗೆ ಏರಿಸಿಕೊಳ್ಳಬಹುದಾಗಿತ್ತು. ಕ್ರೋಮ್ ಬ್ರೌಸರ್ ಹೀಗೆ ಏರಿಸಿಟ್ಟು ಬ್ಯಾಟರಿ ತಿನ್ನುತ್ತದೆ ಎಂದು 2014ರಲ್ಲಿ ದೊಡ್ಡ ಗಲಾಟೆಯಾಗಿ, ಗೂಗಲ್ ಅದನ್ನು ಸರಿಪಡಿಸಲು ಮುಂದಾಯಿತು. ಬ್ರೌಸರ್ ತೆರೆದಾಗ ಮಾತ್ರ ಸದ್ದು ಬರುತ್ತದೆ ಎಂದು ಹೇಳುತ್ತಿದ್ದವರ ಮಾತನ್ನು ಭ್ರಮೆ ಎಂದು ತಳ್ಳಿಹಾಕುವಂತಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಲಿನಕ್ಸ್‌ನಲ್ಲಿ ಮೂಲಕ್ಕೇ ಕೈಹಾಕಿದ್ದು ಥಾಮಸ್ ಗ್ಲೈಕ್ಸ್‌ನರ್, ಇಂಗೋ ಮೋಲ್ನಾರ್ ಮೊದಲಾದವರು. ಕೆಲಸವಿಲ್ಲದಾಗ ಬಡಿಯುವುದೇ ಬೇಡ, ಮುಂದಿನ ಕೆಲಸ ಯಾವಾಗಿದೆಯೋ ಆಗ ಎಬ್ಬಿಸಿದರೆ ಸಾಕು ಎಂಬ ವ್ಯವಸ್ಥೆ 2007ರ ಏಪ್ರಿಲಿನಲ್ಲಿ 2.6.21 ಆವೃತ್ತಿಯ ಜೊತೆ ಬಂತು. ಮರುತಿಂಗಳೇ ಇಂಟೆಲ್ ಪವರ್‌ಟಾಪ್ ಎಂಬ ಸಣ್ಣ ಪ್ರೋಗ್ರಾಮ್ ಬಿಡುಗಡೆ ಮಾಡಿತು. ಯಾವ ಪ್ರೋಗ್ರಾಮ್ ಸೆಕೆಂಡಿಗೆ ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂದು ಅದು ಹೆಸರು ಹಿಡಿದು ಪಟ್ಟಿ ಕೊಡುತ್ತಿತ್ತು. ವಿನಾಕಾರಣ ಎಬ್ಬಿಸುತ್ತಿದ್ದವರ ಬಣ್ಣ ಬಯಲಾಯಿತು, ಒಂದೊಂದಾಗಿ ತಿದ್ದಿಕೊಂಡರು. ಬ್ಯಾಟರಿಗಾಗಿ ನಡೆದ ಈ ಕೆಲಸದಿಂದ ಎಷ್ಟೋ ಯಂತ್ರಗಳಲ್ಲಿ ಆ ಒಂದೇ ಎಳೆಯ ಸ್ವರ ಮುರಿದುಬಿತ್ತು. ಅದರ ಜಾಗದಲ್ಲಿ ಆಗೊಮ್ಮೆ ಈಗೊಮ್ಮೆ ಚಿಟಿಕೆ ಹೊಡೆದಂಥ ಸದ್ದು ಉಳಿಯಿತು, ಏಕೆಂದರೆ ಕೆಪಾಸಿಟರ್ ಹಿಗ್ಗುವುದನ್ನು ಯಾವ ಸಾಫ್ಟ್‌ವೇರೂ ತಡೆಯಲಾರದು.

ಯಾರಿಗೆ ಕೇಳಿಸುತ್ತದೆ ಎಂಬ ಪ್ರಶ್ನೆಗೆ ಈಗ ಬರಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ನೆನಪಿದೆಯಲ್ಲ. ನಮ್ಮ ದೂರದರ್ಶನದ ಚಿತ್ರಕ್ಕೆ ಆಗ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625. ಟಿ.ವಿ.ಯೊಳಗಿನ ಒಂದು ಟ್ರಾನ್ಸ್‌ಫಾರ್ಮರ್ ಇದೇ ವೇಗದಲ್ಲಿ ನಡುಗುತ್ತಿತ್ತು. (ವಿಂಡೋಸಿನ 15.625ಕ್ಕೂ ಇದಕ್ಕೂ ಸಂಬಂಧವೇನಿಲ್ಲ, ಅಂಕಿಗಳ ಚೇಷ್ಟೆ ಅಷ್ಟೆ.) ಪಕ್ಕದ ಕೋಣೆಯಲ್ಲಿ ಧ್ವನಿ ಪೂರ್ತಿ ಇಳಿಸಿದ ಟಿ.ವಿ. ಆನ್ ಆಗಿದೆ ಎಂದು ಮಕ್ಕಳು ಹೇಳಿಬಿಡುತ್ತಿದ್ದರು, ಅಜ್ಜ ಅಜ್ಜಿಯರಿಗೆ ಅದು ಪವಾಡ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಸ್ಥಾಯಿಗಳನ್ನು.

ನನ್ನ ತಂಗಿಯ ಮಗಳು ಎಂಜಿನಿಯರಿಂಗ್ ಓದಲು ತೆಗೆದುಕೊಂಡ ಲ್ಯಾಪ್‌ಟಾಪಿನಲ್ಲಿ ಈ ಸದ್ದಿತ್ತು. ಸರ್ವಿಸ್ ಸೆಂಟರಿಗೆ ನಾನೂ ಜೊತೆಗೆ ಹೋಗಿದ್ದೆ. ಹತ್ತಾರು ಜನ ಮಾತಾಡುವ, ಏ.ಸಿ. ಮೊರೆಯುವ ಹಾಲಿನ ಕೌಂಟರಿನಲ್ಲಿ ಯಂತ್ರವನ್ನು ಇಟ್ಟು, ಅಲ್ಲಿನ ಸಿಬ್ಬಂದಿ ಎರಡು ಸೆಕೆಂಡ್ ಕಿವಿಗೊಟ್ಟು, "ಏನೂ ಇಲ್ವಲ್ಲ ಮೇಡಂ, ನಾರ್ಮಲ್" ಎಂದರು. "ಮಾವ, ನಿಮಗೂ ಕೇಳಿಸ್ತಿಲ್ವಾ?" ಎಂದು ಅವಳು ನನ್ನ ಕಡೆ ತಿರುಗಿದಳು. ಆ ಗದ್ದಲದಲ್ಲಿ, ಈ ವಯಸ್ಸಿನಲ್ಲಿ, ನನಗೆಲ್ಲಿಂದ ಕೇಳಿಸಬೇಕು? ಫೋನಿನಲ್ಲಿ ಧ್ವನಿಯ ಸ್ಥಾಯಿಗಳನ್ನು ಗೆರೆಯಾಗಿ ತೋರಿಸುವ ಆ್ಯಪ್ ತೆರೆದು ಲ್ಯಾಪ್‌ಟಾಪಿನ ಹತ್ತಿರ ಹಿಡಿದಳು. ಗದ್ದಲದ ಹುಲ್ಲಿನ ನಡುವೆ ಒಂದು ಗೆರೆ ನೆಟ್ಟಗೆ ನಿಂತಿತ್ತು. ಪುಟ ಸರಿಸಿದಾಗ ಗೆರೆ ಜರುಗಿತು. ಅದನ್ನು ಅವರು ನೋಡಿದರು. ಆದರೂ ಜಾಬ್ ಶೀಟಿನಲ್ಲಿ ಬರೆದದ್ದು 'ಯಾವುದೇ ದೋಷ ಕಂಡುಬಂದಿಲ್ಲ' ಎಂದೇ.

ಇದು ನಾರ್ಮಲ್ ಎನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಾರಣ ಸರಳ. ಇಂಟೆಲ್ ಪ್ರೊಸೆಸರುಗಳ ಬಯಾಸ್ ಸೆಟ್ಟಿಂಗುಗಳಲ್ಲಿ 'ಅಕೌಸ್ಟಿಕ್ ನಾಯ್ಸ್ ಮಿಟಿಗೇಶನ್' ಎಂಬ ಹೆಸರಿನದೇ ಒಂದು ಸೌಲಭ್ಯವಿದೆ. ಪ್ರೊಸೆಸರ್ ನಿದ್ದೆಯಿಂದ ಏಳುವಾಗ ವೋಲ್ಟೇಜ್ ದಿಢೀರೆಂದು ಏರದೆ, ಸಾಮಾನ್ಯವಾಗಿ ಏರುವ ವೇಗದ ಅರ್ಧ, ಕಾಲು ಅಥವಾ ಎಂಟನೇ ಒಂದು ಪಾಲಿನಲ್ಲಿ ಏರುವಂತೆ ಅಲ್ಲಿ ಹೊಂದಿಸಬಹುದು. ಏಟು ಮೆತ್ತಗಾದರೆ ಸದ್ದು ಮೆತ್ತಗಾಗುತ್ತದೆ. ಲ್ಯಾಪ್‌ಟಾಪ್ ಕಂಪನಿಗಳು ಈ ಸೆಟ್ಟಿಂಗನ್ನು ಗಿರಾಕಿಗಳಿಗೆ ತೋರಿಸುವುದು ಅಪರೂಪ. ತೊಂದರೆಯೇ ಇಲ್ಲದಿದ್ದರೆ ಅದಕ್ಕೊಂದು ಹೆಸರು, ಒಂದು ಸ್ವಿಚ್ಚು ಏಕೆ ಬೇಕಿತ್ತು? ಹಾರ್ಡ್‌ವೇರಿನಲ್ಲಿಯೂ ದಾರಿಗಳಿವೆ. ಬೋರ್ಡಿನ ಮೇಲೊಂದು ಕೆಳಗೊಂದು ಕೆಪಾಸಿಟರನ್ನು ಎದುರುಬದುರು ಕೂರಿಸಿದರೆ ಒಂದರ ಎಳೆತವನ್ನು ಇನ್ನೊಂದು ಹೊಡೆದುಹಾಕುತ್ತದೆ. ಬೋರ್ಡಿಗೆ ತಾಗದಂತೆ ಲೋಹದ ಕಾಲುಗಳ ಮೇಲೆ ನಿಲ್ಲುವ ಕೆಪಾಸಿಟರುಗಳು ಸಿಗುತ್ತವೆ. ಲೋಹದ ಪುಡಿಯನ್ನು ಸುರುಳಿಯ ಸಮೇತ ಅಚ್ಚೊತ್ತಿದ ಇಂಡಕ್ಟರಿನಲ್ಲಿ ಅಲುಗಾಡಲು ಸಡಿಲ ತಂತಿಯೇ ಇರುವುದಿಲ್ಲ. ಎಲ್ಲಕ್ಕೂ ಒಂದಿಷ್ಟು ದುಡ್ಡು, ಒಂದಿಷ್ಟು ಜಾಗ ಬೇಕು ಎಂಬುದು ನಿಜ.

ಸದ್ದು ಕಿರಿಕಿರಿ ಮಾತ್ರ ಎಂದುಕೊಂಡವರಿಗೆ ಇನ್ನೊಂದು ಕತೆ ಹೇಳಬೇಕು. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಮೂವರು ಜನಕರಲ್ಲಿ ಒಬ್ಬರಾದ ಇಸ್ರೇಲಿನ ಆದಿ ಶಮಿರ್, ಡೇನಿಯಲ್ ಗೆಂಕಿನ್ ಮತ್ತು ಎರಾನ್ ಟ್ರೋಮರ್ ಜೊತೆ ಸೇರಿ 2013ರ ಡಿಸೆಂಬರಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಲ್ಯಾಪ್‌ಟಾಪ್ ಗೂಢಲಿಪಿಯ ಸಂದೇಶ ಬಿಚ್ಚುವಾಗ ಅದರ ವಿದ್ಯುತ್ ಪೂರೈಕೆಯ ಭಾಗಗಳು ಮಾಡುವ ಸದ್ದನ್ನು ಕೇಳಿಸಿಕೊಂಡೇ 4096 ಬಿಟ್‌ಗಳ ಪೂರ್ತಿ ರಹಸ್ಯ ಕೀಲಿಯನ್ನು ಅವರು ಹೊರತೆಗೆದಿದ್ದರು. ಪಕ್ಕದಲ್ಲಿ ಒಂದು ಮೊಬೈಲ್ ಫೋನ್ ಇಟ್ಟರೂ ಸಾಕಿತ್ತು. ಒಳ್ಳೆಯ ಮೈಕ್ ಇದ್ದರೆ ನಾಲ್ಕು ಮೀಟರ್ ದೂರದಿಂದಲೂ ಆಗುತ್ತಿತ್ತು. ಹಿಡಿದ ಹೊತ್ತು ಒಂದು ಗಂಟೆಯೊಳಗೆ. ಪ್ರೊಸೆಸರ್ ನಡೆಯುವುದು ಸೆಕೆಂಡಿಗೆ ನೂರಾರು ಕೋಟಿ ಹೆಜ್ಜೆ, ಮೈಕ್ ಹಿಡಿಯುವುದು ಹತ್ತಾರು ಸಾವಿರ ಕಂಪನ. ಹೆಜ್ಜೆ ಹೆಜ್ಜೆ ಕೇಳಿಸುವುದಿಲ್ಲ. ಆದರೆ ಕೀಲಿಯ ಒಂದು ಬಿಟ್ ಸೊನ್ನೆಯೋ ಒಂದೋ ಎಂಬುದರ ಮೇಲೆ ಲೆಕ್ಕದ ಉದ್ದನೆಯ ಸುತ್ತುಗಳ ವಿದ್ಯುತ್ ಬಳಕೆ ಬದಲಾಗುತ್ತದೆ, ಸ್ವರವೂ ಬದಲಾಗುತ್ತದೆ. ಸಂದೇಶ ಬಿಚ್ಚಲು ಬಳಸಿದ್ದ ಜಿಎನ್‌ಯುಪಿಜಿ ಎಂಬ ತಂತ್ರಾಂಶವನ್ನು ಕೂಡಲೇ ತಿದ್ದಿದರು. ಕೇಳಿಸಿಕೊಂಡು ಕದಿಯುವ ವಿದ್ಯೆ ಹೊಸದೇನಲ್ಲ. 1956ರ ಸೂಯೆಜ್ ಬಿಕ್ಕಟ್ಟಿನ ಕಾಲದಲ್ಲಿ ಲಂಡನ್ನಿನ ಈಜಿಪ್ಟ್ ರಾಯಭಾರ ಕಚೇರಿಯ ಗೂಢಲಿಪಿ ಯಂತ್ರದ ಚಕ್ರಗಳ ಟಿಕ್‌ಟಿಕ್ ಸದ್ದನ್ನು ಬ್ರಿಟಿಷ್ ಬೇಹುಗಾರರು ಆಲಿಸುತ್ತಿದ್ದರೆಂದು ಪೀಟರ್ ರೈಟ್ 'ಸ್ಪೈಕ್ಯಾಚರ್' ಪುಸ್ತಕದಲ್ಲಿ ಬರೆದಿದ್ದಾನೆ. ನಮ್ಮ ನಿಮ್ಮ ಲ್ಯಾಪ್‌ಟಾಪಿಗೆ ಯಾರೂ ಮೈಕ್ ಹಿಡಿಯುವುದಿಲ್ಲ, ಹೆದರಬೇಡಿ. ಕೌಂಟರಿನಲ್ಲಿ 'ಇಲ್ಲ' ಎನಿಸಿಕೊಂಡ ಸದ್ದಿನಲ್ಲಿ ಎಷ್ಟು ಸುದ್ದಿ ಇದೆ ಎಂದು ತೋರಿಸಲು ಇದನ್ನು ಹೇಳಿದೆ.

ಕಂಪ್ಯೂಟರುಗಳ ಸದ್ದನ್ನು ಅಳೆಯಲು ಐಎಸ್ಒ 7779 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಯಂತ್ರ ದುಡಿಯುವಾಗಲೂ ಸುಮ್ಮನಿರುವಾಗಲೂ ಅಳೆಯಬೇಕೆಂದು ಅದು ಹೇಳುತ್ತದೆ, ಎದ್ದು ಕೇಳುವ ಒಂಟಿ ಸ್ವರಗಳನ್ನು ಗುರುತಿಸುವ ಕ್ರಮವೂ ಅದರಲ್ಲಿದೆ. ಒಟ್ಟು ಡೆಸಿಬೆಲ್ ಲೆಕ್ಕದಲ್ಲಿ ಒಂದು ತೆಳುವಾದ ಸ್ವರ ಮುಳುಗಿಹೋಗುತ್ತದೆ, ಕಿವಿಯಲ್ಲಿ ಮುಳುಗುವುದಿಲ್ಲ. ಲ್ಯಾಪ್‌ಟಾಪಿನ ಜಾಹೀರಾತುಗಳಲ್ಲಿ ತೂಕವನ್ನು ಗ್ರಾಂ ಲೆಕ್ಕದಲ್ಲಿ, ಬ್ಯಾಟರಿಯನ್ನು ಗಂಟೆ ಲೆಕ್ಕದಲ್ಲಿ ಹೇಳುತ್ತಾರೆ. ಒಂಟಿ ಸ್ವರದ ಮಾತನ್ನು ನಾನಂತೂ ಯಾವುದರಲ್ಲಿಯೂ ಓದಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಮೊದಲ ವಾರದಲ್ಲಿ, ಬದಲಾಯಿಸಿಕೊಳ್ಳುವ ಗಡುವು ಮುಗಿಯುವ ಮುಂಚೆ, ಒಂದು ರಾತ್ರಿ ಫ್ಯಾನ್ ಆರಿಸಿ ಕೇಳಿ. ಚಾರ್ಜರ್ ಚುಚ್ಚಿ ಒಮ್ಮೆ, ಬರೀ ಬ್ಯಾಟರಿಯಲ್ಲಿ ಒಮ್ಮೆ. ಏನೂ ಮಾಡದೆ ಒಮ್ಮೆ, ಪುಟ ಸರಿಸುತ್ತ ಒಮ್ಮೆ. ಮನೆಯಲ್ಲಿ ಇಪ್ಪತ್ತು ದಾಟದವರು ಯಾರಾದರೂ ಇದ್ದರೆ ಅವರನ್ನು ಕೂರಿಸಿ. ಸದ್ದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಗೆರೆಯ ಚಿತ್ರ ಇಟ್ಟುಕೊಂಡು ಬರವಣಿಗೆಯಲ್ಲಿ ದೂರು ಕೊಡಿ. ನಿದ್ದೆಯ ಮೆಟ್ಟಿಲುಗಳನ್ನೇ ಮುಚ್ಚುವ ಉಪಾಯವನ್ನು ಖಾಯಂ ಮಾಡಿಕೊಳ್ಳಬೇಡಿ, ಬ್ಯಾಟರಿ ಬೇಗ ಇಳಿಯುತ್ತದೆ, ತೊಡೆ ಸುಡುತ್ತದೆ, ಬೇಸಿಗೆಯಲ್ಲಿ ಫ್ಯಾನ್ ನಿಲ್ಲುವುದೇ ಇಲ್ಲ.

ಇನ್ನು ವಿದ್ಯಾರ್ಥಿಗಳಿಗೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಚಿಪ್ ಕಂಪನಿ ಬೆಂಗಳೂರಿಗೆ ಬಂದದ್ದು 1985ರಲ್ಲಿ. ವಿದ್ಯುತ್ ನಿರ್ವಹಣೆಯ ಚಿಪ್ಪುಗಳು ಅದರ ದೊಡ್ಡ ವ್ಯಾಪಾರ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಡನ್ನಿಂಗ್‌ಟನ್ ಪ್ರೊಸೆಸರ್ ವಿನ್ಯಾಸಗೊಂಡದ್ದೂ ಬೆಂಗಳೂರಿನಲ್ಲೇ. ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರು ನಾಳೆ ಅಂಥ ಕಡೆ ಕೂತು ವೋಲ್ಟೇಜ್ ಎಷ್ಟು ಬೇಗ ಏರಬೇಕು, ಕೆಪಾಸಿಟರ್ ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವವರು. ಆಸಿಲೋಸ್ಕೋಪಿನಲ್ಲಿ ಎಲ್ಲ ಸರಿಯಾಗಿದೆ ಎಂದು ಸಹಿ ಹಾಕುವ ಮುಂಚೆ ಆ ಬೋರ್ಡನ್ನು ಸದ್ದಿಲ್ಲದ ಒಂದು ಕೋಣೆಗೆ ಒಯ್ದು, ಏನೂ ಕೆಲಸ ಕೊಡದೆ ಐದು ನಿಮಿಷ ಕೇಳಿಸಿಕೊಳ್ಳಿ. ಪರೀಕ್ಷೆಯ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಸೇರಿಸಿ ಎಂದು ನಿಮ್ಮ ಮ್ಯಾನೇಜರಿಗೆ ಹೇಳಿ.